ಸರಪಳಿ ಗರಗಸದ ಹಿಂದೊದೆತ: ಒಂದು ಅಪಾಯದ ಚರಿತ್ರೆ

೧

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಅವುಗಳ ಶಕ್ತಿ, ವೇಗ ಮತ್ತು ಉತ್ಪಾದನೆಯ ಹೆಚ್ಚಳವನ್ನು ವರ್ಣಿಸುವುದು ವಾಡಿಕೆ. ಯಂತ್ರವನ್ನು ಹಿಡಿದ ಕೈಗೆ ಏನಾಯಿತೆಂಬ ಪ್ರಶ್ನೆ ಅಂಥ ಗ್ರಂಥಗಳಲ್ಲಿ ಅಡಿಟಿಪ್ಪಣಿಯ ಸ್ಥಾನಕ್ಕಿಂತ ಮೇಲೇರುವುದು ವಿರಳ. ಆದರೆ ಕೆಲವು ಯಂತ್ರಗಳ ವಿಷಯದಲ್ಲಿ ಆ ಅಪಾಯದ ಚರಿತ್ರೆಯೇ ಯಂತ್ರದ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಸರಿಯಾದ ದಾರಿಯಾಗುತ್ತದೆ. ಮರವನ್ನು ಉರುಳಿಸುವುದಕ್ಕೂ ತುಂಡರಿಸುವುದಕ್ಕೂ ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಸರಪಳಿ ಗರಗಸ, ಜನರ ಮಾತಿನಲ್ಲಿ ‘ಚೈನ್ ಸಾ’, ಅಂಥದೊಂದು ಯಂತ್ರ.

ಈ ಗರಗಸವನ್ನು ನಡೆಸುವವನಿಗೆ ಒದಗುವ ಅಪಾಯಗಳಲ್ಲಿ ಅತ್ಯಂತ ಭೀಕರವಾದುದು, ಅದು ಇದ್ದಕ್ಕಿದ್ದಂತೆ ಮೇಲಕ್ಕೆ ನೆಗೆದು ಅವನ ಮುಖದ ಕಡೆಗೇ ತಿರುಗಿ ಬರುವುದು. ಇದಕ್ಕೆ ‘ಕಿಕ್‌ಬ್ಯಾಕ್’ ಎಂಬ ಹೆಸರು ಎಲ್ಲೆಡೆಯೂ ರೂಢಿಯಾಗಿದೆ. ಕೋವಿ ಹಾರಿಸಿದಾಗ ಭುಜಕ್ಕೆ ಬೀಳುವ ಪೆಟ್ಟನ್ನು ನಮ್ಮ ಜನ ‘ಕೋವಿ ಒದೆಯಿತು’ ಎನ್ನುತ್ತಾರೆ. ಆ ಮಾತನ್ನೇ ಅನುಸರಿಸಿ ಈ ಲೇಖನದಲ್ಲಿ ಕಿಕ್‌ಬ್ಯಾಕನ್ನು ‘ಹಿಂದೊದೆತ’ ಎಂದು ಕರೆಯಲಾಗಿದೆ.

ಹಿಂದೊದೆತವು ಹೇಗೆ ಹುಟ್ಟಿತು, ಬಹುಕಾಲ ಅದನ್ನು ಕೆಲಸಗಾರನ ಅಜಾಗರೂಕತೆಯ ಫಲವೆಂದು ಏಕೆ ಭಾವಿಸಲಾಯಿತು, ಮುಂದೆ ಅದು ಯಂತ್ರದ ರಚನೆಗೆ ಸೇರಿದ ದೋಷವೆಂದು ಹೇಗೆ ಗೊತ್ತಾಯಿತು ಎಂಬುದನ್ನು ಪರಿಶೀಲಿಸುವುದೇ ಇಲ್ಲಿನ ಉದ್ದೇಶ. ಒಂದು ಅಪಾಯವನ್ನು ಅಳೆಯುವ ವಿಧಾನ ಒದಗುವವರೆಗೆ ಅದರ ಹೊಣೆ ಗಾಯಗೊಂಡವನ ತಲೆಯ ಮೇಲೆಯೇ ನಿಲ್ಲುತ್ತದೆಂಬುದು ಈ ಪರಿಶೀಲನೆಯಿಂದ ತಿಳಿದುಬರುವ ಮುಖ್ಯ ವಿಷಯ.

೨

ಸರಪಳಿಗೆ ಹಲ್ಲು ಕಟ್ಟಿ ಕೊಯ್ಯುವ ಕಲ್ಪನೆ ಕಾಡಿನಲ್ಲಿ ಹುಟ್ಟಿದುದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಏಟ್ಕೆನ್ ಮತ್ತು ಜೇಮ್ಸ್ ಜೆಫ್ರೆ ಎಂಬವರು ಎಲುಬನ್ನು ಕೊಯ್ಯಲು ಬಾಗುವ ಸರಪಳಿಯ ಗರಗಸವೊಂದನ್ನು ಬಳಕೆಗೆ ತಂದರು. ಎರಡು ತುದಿಗಳಲ್ಲಿ ಹಿಡಿಗಳಿದ್ದ ಆ ಸಣ್ಣ ಉಪಕರಣವನ್ನು ಕೈಯಿಂದಲೇ ಎಳೆಯಬೇಕಾಗಿದ್ದಿತು. ೧೮೩೦ರ ಸುಮಾರಿನಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಎಂಬವನು ತಯಾರಿಸಿದ ಎಲುಬು ಕೊಯ್ಯುವ ಉಪಕರಣದಲ್ಲಿ ಹಲ್ಲುಗಳುಳ್ಳ ಸರಪಳಿಯು ಒಂದು ಪಟ್ಟಿಯ ಅಂಚಿನ ಮೇಲೆ ಸುತ್ತುತ್ತಿದ್ದಿತು. ಇಂದಿನ ಗರಗಸದ ಮೂಲ ವಿನ್ಯಾಸವನ್ನು ಆಗಲೇ ಕಾಣಬಹುದು.

ಈ ವಿನ್ಯಾಸವು ಕಾಡಿಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಅದುವರೆಗೆ ಮರ ಕಡಿಯುವವರ ಸಾಧನಗಳೆಂದರೆ ಕೊಡಲಿ ಮತ್ತು ಇಬ್ಬರು ಎದುರುಬದುರಾಗಿ ನಿಂತು ಎಳೆಯುವ ಉದ್ದನೆಯ ಗರಗಸ. ೧೯೨೬ರಲ್ಲಿ ಆಂಡ್ರಿಯಾಸ್ ಸ್ಟೀಲ್ ಎಂಬ ಇಂಜಿನಿಯರು ಜರ್ಮನಿಯ ಸ್ಟುಟ್‌ಗಾರ್ಟ್ ಪ್ರದೇಶದಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ನಿರ್ಮಿಸಿದನು. ಮರುವರ್ಷ ಎಮಿಲ್ ಲೆರ್ಪ್ ಎಂಬವನು ಥುರಿಂಗಿಯಾ ಪ್ರಾಂತದ ಡೋಲ್ಮಾರ್ ಬೆಟ್ಟದಲ್ಲಿ ಪೆಟ್ರೋಲಿನಿಂದ ನಡೆಯುವ ಗರಗಸವನ್ನು ಪರೀಕ್ಷಿಸಿದನು. ಲೆರ್ಪನ ಯಂತ್ರದ ತೂಕ ಸುಮಾರು ೫೮ ಕಿಲೋಗ್ರಾಂ. ೧೯೨೯ರಲ್ಲಿ ಸ್ಟೀಲ್ ಹೊರತಂದ ಪೆಟ್ರೋಲ್ ಗರಗಸದ ತೂಕ ಸುಮಾರು ೪೬ ಕಿಲೋಗ್ರಾಂ.

ಇಷ್ಟು ಭಾರದ ಯಂತ್ರವನ್ನು ಒಬ್ಬನೇ ಹಿಡಿದು ನಡೆಸುವುದು ಅಸಾಧ್ಯವಾಗಿದ್ದಿತು. ಆದುದರಿಂದ ಒಬ್ಬನು ಇಂಜಿನಿನ ಬಳಿ ನಿಲ್ಲುತ್ತಿದ್ದನು. ಇನ್ನೊಬ್ಬನು ಪಟ್ಟಿಯ ಇನ್ನೊಂದು ತುದಿಗೆ, ಎಂದರೆ ಮೂತಿಗೆ, ಜೋಡಿಸಿದ ಹಿಡಿಯನ್ನು ಹಿಡಿಯುತ್ತಿದ್ದನು. ಎಳೆಯುವ ಗರಗಸದ ಕಾಲದಿಂದ ಬಂದ ಜೋಡಿ ಕೆಲಸದ ಪದ್ಧತಿಯೇ ಯಂತ್ರದಲ್ಲಿಯೂ ಮುಂದುವರಿಯಿತು. ನಮ್ಮ ಪ್ರಶ್ನೆಗೆ ಸಂಬಂಧಪಟ್ಟಂತೆ ಈ ವ್ಯವಸ್ಥೆಗೆ ವಿಶೇಷ ಮಹತ್ವವುಂಟು. ಪಟ್ಟಿಯ ಮೂತಿಯು ಎರಡನೆಯವನ ಹಿಡಿತದಲ್ಲಿದ್ದುದರಿಂದಲೂ ಯಂತ್ರದ ತೂಕವು ಅತ್ಯಧಿಕವಾಗಿದ್ದುದರಿಂದಲೂ ಅದು ಮೇಲಕ್ಕೆ ಚಿಮ್ಮುವ ಅವಕಾಶ ಬಹು ಕಡಮೆಯಾಗಿದ್ದಿತು. ಆ ಎರಡನೆಯ ಕೆಲಸಗಾರನನ್ನು ಯಾರೂ ಸುರಕ್ಷತೆಗಾಗಿ ನೇಮಿಸಿರಲಿಲ್ಲ. ಆದರೂ ವಸ್ತುತಃ ಅವನೇ ಯಂತ್ರದ ಸುರಕ್ಷಾ ಸಾಧನವಾಗಿದ್ದನು.

೩

ಮುಂದಿನ ಘಟನೆಗಳನ್ನು ತಿಳಿಯಲು ಹಿಂದೊದೆತದ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಗರಗಸದ ಸರಪಳಿಯು ಪಟ್ಟಿಯ ಮೇಲಂಚಿನಲ್ಲಿ ಕೆಲಸಗಾರನಿಂದ ದೂರಕ್ಕೆ ಹರಿದು, ಮೂತಿಯನ್ನು ಸುತ್ತಿ, ಕೆಳ ಅಂಚಿನಲ್ಲಿ ಅವನ ಕಡೆಗೆ ಹಿಂತಿರುಗುತ್ತದೆ. ಕೆಳ ಅಂಚಿನಿಂದ ಕೊಯ್ದರೆ ಯಂತ್ರವು ಮರದ ಕಡೆಗೆ ಸೆಳೆಯುತ್ತದೆ. ಮೇಲಂಚಿನಿಂದ ಕೊಯ್ದರೆ ಕೆಲಸಗಾರನ ಕಡೆಗೆ ತಳ್ಳುತ್ತದೆ. ಈ ಎರಡು ಬಲಗಳೂ ನೇರವಾದುವು. ಅಭ್ಯಾಸವುಳ್ಳವನು ಅವುಗಳನ್ನು ತಡೆದುಕೊಳ್ಳಬಲ್ಲನು.

ಅಪಾಯವಿರುವುದು ಮೂತಿಯ ಮೇಲುಭಾಗದ ಕಾಲುವೃತ್ತದಲ್ಲಿ. ಸರಪಳಿಯ ಪ್ರತಿಯೊಂದು ಕೊಯ್ಯುವ ಹಲ್ಲಿನ ಮುಂದೆಯೂ ಸಣ್ಣದೊಂದು ಉಬ್ಬು ಇರುತ್ತದೆ. ಹಲ್ಲು ಮರದೊಳಕ್ಕೆ ಎಷ್ಟು ಇಳಿಯಬೇಕೆಂಬುದನ್ನು ಈ ಉಬ್ಬು ಗೊತ್ತುಮಾಡುತ್ತದೆ. ಪಟ್ಟಿಯ ನೇರ ಭಾಗದಲ್ಲಿ ಇದು ತನ್ನ ಕೆಲಸವನ್ನು ಸರಿಯಾಗಿ ಮಾಡುವುದು. ಮೂತಿಯ ಬಾಗಿನಲ್ಲಿ ಕೊಂಡಿಗಳು ಓರೆಯಾಗಿ ತಿರುಗುವುದರಿಂದ ಈ ಮಿತಿ ತಪ್ಪಿ ಹಲ್ಲು ಹೆಚ್ಚು ಆಳಕ್ಕೆ ಕಚ್ಚುತ್ತದೆ. ಆ ಸ್ಥಳಕ್ಕೆ ಒಂದು ಕೊಂಬೆಯಾಗಲಿ, ಪಕ್ಕದ ದಿಮ್ಮಿಯಾಗಲಿ ತಗುಲಿದರೆ ಹಲ್ಲು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ವೇಗವಾಗಿ ಓಡುತ್ತಿದ್ದ ಸರಪಳಿಯು ಹೀಗೆ ಸಿಕ್ಕಿಬಿದ್ದಾಗ ಅದರ ಚಲನಶಕ್ತಿ ಇಡೀ ಯಂತ್ರಕ್ಕೆ ವರ್ಗವಾಗುತ್ತದೆ. ಪಟ್ಟಿಯು ಮೇಲಕ್ಕೂ ಹಿಂದಕ್ಕೂ ಕಮಾನಿನಂತೆ ತಿರುಗುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆಯುಂಟೆಂಬ ನ್ಯೂಟನ್ನನ ನಿಯಮಕ್ಕೆ ಇದೊಂದು ಕ್ರೂರ ನಿದರ್ಶನ.

ಈ ತಿರುಗುವಿಕೆ ಮುಗಿಯಲು ಹಿಡಿಯುವ ಕಾಲ ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ. ಕಂಡುದಕ್ಕೆ ಕೈಯಿಂದ ಉತ್ತರ ಕೊಡಲು ಮನುಷ್ಯನಿಗೆ ಸಾಮಾನ್ಯವಾಗಿ ಅದರ ಎರಡರಷ್ಟು ಕಾಲವಾದರೂ ಬೇಕು. ಸರಪಳಿಯ ವೇಗ ಸೆಕೆಂಡಿಗೆ ೨೦ ಮೀಟರುಗಳಾದರೆ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ೨ ಮೀಟರು ಉದ್ದದ ಸರಪಳಿ ಒಂದೇ ಬಿಂದುವನ್ನು ಹಾದುಹೋಗುತ್ತದೆ. ಗಾಯವಾಗುವುದು ಮುಖ, ಕತ್ತು, ಎಡಭುಜಗಳಂಥ ಮರ್ಮಸ್ಥಾನಗಳಿಗೆ. ‘ಎಚ್ಚರವಾಗಿದ್ದಿದ್ದರೆ ತಪ್ಪಿಸಿಕೊಳ್ಳಬಹುದಾಗಿತ್ತು’ ಎಂಬ ಮಾತಿಗೆ ಎಷ್ಟು ಅರ್ಥವಿದೆ ಎಂಬುದನ್ನು ಈ ಅಂಕಿಗಳಿಂದ ಓದುಗರೇ ಊಹಿಸಬಹುದು. ಮೂತಿಯು ಮರಕ್ಕೆ ತಗುಲದಂತೆ ನೋಡಿಕೊಳ್ಳಲು ಎಚ್ಚರ ಸಾಕಾದೀತು. ತಗುಲಿದ ಮೇಲೆ ಯಾವ ಎಚ್ಚರವೂ ಸಾಲದು.

೪

ಎರಡನೆಯ ಮಹಾಯುದ್ಧದ ತರುವಾಯ ಸರಪಳಿ ಗರಗಸದಲ್ಲಿ ನಾಲ್ಕು ಬದಲಾವಣೆಗಳು ಹತ್ತುಹದಿನೈದು ವರ್ಷಗಳೊಳಗೆ ಕೂಡಿಬಂದುವು.

ಮೊದಲನೆಯದು ತೂಕದ ಇಳಿತ. ಹಗುರವಾದ ಲೋಹಮಿಶ್ರಣಗಳ ಬಳಕೆಯಿಂದ ಒಬ್ಬನೇ ನಡೆಸುವ ಗರಗಸ ಸಾಧ್ಯವಾಯಿತು. ೧೯೪೯ರಲ್ಲಿ ಅಮೆರಿಕದ ಮೆಕಲಕ್ ಕಂಪನಿಯು ೨೫ ಪೌಂಡು ತೂಕದ ಗರಗಸವೊಂದನ್ನು ಮಾರಾಟಕ್ಕೆ ತಂದಿತು. ಸ್ಟೀಲ್ ಕಂಪನಿಯು ೧೯೫೦ರಲ್ಲಿ ಸುಮಾರು ೧೬ ಕಿಲೋಗ್ರಾಂ ತೂಕದ ಒಬ್ಬಾಳಿನ ಗರಗಸವನ್ನೂ ೧೯೫೯ರಲ್ಲಿ ಸುಮಾರು ೧೨ ಕಿಲೋಗ್ರಾಂ ತೂಕದ ‘ಕಾಂಟ್ರಾ’ ಎಂಬ ಮಾದರಿಯನ್ನೂ ಹೊರತಂದಿತು. ಎರಡನೆಯ ಕೆಲಸಗಾರನು ಮರೆಯಾದನು; ಅವನು ಹಿಡಿದಿದ್ದ ಮೂತಿಯು ಸ್ವತಂತ್ರವಾಯಿತು.

ಎರಡನೆಯ ಬದಲಾವಣೆ ಸರಪಳಿಯ ಹಲ್ಲಿನದು. ಅಮೆರಿಕದ ಆರೆಗನ್ ಸಂಸ್ಥಾನದ ಮರ ಕಡಿಯುವವನಾದ ಜೋಸೆಫ್ ಬ್ಯೂಫರ್ಡ್ ಕಾಕ್ಸ್ ಎಂಬವನು ೧೯೪೬ರಲ್ಲಿ ಮರವನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವೊಂದನ್ನು ಕಂಡನು. ಅದು ತನ್ನ ಬಾಯಿಯ ಎರಡು ದವಡೆಗಳಿಂದ ಎಡಕ್ಕೂ ಬಲಕ್ಕೂ ಸರದಿಯಂತೆ ಮರವನ್ನು ಕತ್ತರಿಸುತ್ತ, ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಮುಂದುವರಿಯುತ್ತಿದ್ದಿತು. ಇದನ್ನು ಅನುಕರಿಸಿ ಅವನು ರೂಪಿಸಿದ ಹಲ್ಲು ಮರವನ್ನು ಕೆರೆಯುವುದಕ್ಕೆ ಬದಲಾಗಿ ಚಕ್ಕೆಯೆಬ್ಬಿಸಿ ಕೊಯ್ಯುತ್ತಿದ್ದಿತು. ೧೯೪೭ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಅವನು ಇದರ ತಯಾರಿಕೆಯನ್ನು ಆರಂಭಿಸಿದನು. ಇಂದಿನ ಸರಪಳಿಗಳೆಲ್ಲ ಈ ಹಲ್ಲಿನ ಸಂತತಿಯೇ.

ಮೂರನೆಯದು ಕಾರ್ಬ್ಯುರೇಟರಿಗೆ ಸಂಬಂಧಿಸಿದುದು. ಹಳೆಯ ಇಂಜಿನುಗಳನ್ನು ಓರೆಯಾಗಿ ಹಿಡಿದರೆ ನಿಂತುಹೋಗುತ್ತಿದ್ದುವು. ಯಾವ ಕೋನದಲ್ಲಿ ಹಿಡಿದರೂ ನಡೆಯುವ, ತೆಳುಪೊರೆಯ ಕಾರ್ಬ್ಯುರೇಟರು ೧೯೫೦ರ ಆಸುಪಾಸಿನಲ್ಲಿ ಬಳಕೆಗೆ ಬಂದುದರಿಂದ ಗರಗಸವನ್ನು ಅಡ್ಡವಾಗಿಯೂ ತಲೆಕೆಳಗಾಗಿಯೂ ಭುಜದ ಎತ್ತರಕ್ಕಿಂತ ಮೇಲೆಯೂ ಹಿಡಿದು ಕೊಯ್ಯುವುದು ಸಾಧ್ಯವಾಯಿತು.

ನಾಲ್ಕನೆಯದು ವೇಗ. ಹಳೆಯ ಗರಗಸಗಳಲ್ಲಿ ಹಲ್ಲುಚಕ್ರಗಳು ಇಂಜಿನಿನ ವೇಗವನ್ನು ತಗ್ಗಿಸಿ ಸರಪಳಿಗೆ ಮುಟ್ಟಿಸುತ್ತಿದ್ದುವು. ‘ಕಾಂಟ್ರಾ’ ಮೊದಲಾದ ಮಾದರಿಗಳಲ್ಲಿ ಈ ಮಧ್ಯವರ್ತಿ ಚಕ್ರಗಳನ್ನು ತೆಗೆದುಹಾಕಲಾಯಿತು. ಸರಪಳಿಯ ವೇಗ ಹೆಚ್ಚಿತು. ವೇಗವು ಇಮ್ಮಡಿಯಾದರೆ ಚಲನಶಕ್ತಿಯು ನಾಲ್ಮಡಿಯಾಗುವುದೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ.

ಈ ನಾಲ್ಕು ಬದಲಾವಣೆಗಳಲ್ಲಿ ಪ್ರತಿಯೊಂದೂ ನಿಸ್ಸಂದೇಹವಾಗಿ ಪ್ರಗತಿಯೇ. ಕಾಡಿನ ಕೂಲಿಗಾರನ ಬೆನ್ನುಮುರಿಯುವ ದುಡಿಮೆಯನ್ನು ಅವು ಹಗುರಗೊಳಿಸಿದುವು. ಆದರೆ ನಾಲ್ಕೂ ಒಂದೆಡೆ ಸೇರಿದಾಗ ಯಾರೂ ಉದ್ದೇಶಿಸದಿದ್ದ ಫಲವೊಂದು ಹೊರಬಿದ್ದಿತು. ಹಗುರವಾದ ದೇಹ, ಚೂಪಾಗಿ ಕಚ್ಚುವ ಹಲ್ಲು, ಯಾವ ಭಂಗಿಗೂ ಒಗ್ಗುವ ಇಂಜಿನು, ಅತಿವೇಗದ ಸರಪಳಿ, ಇವುಗಳ ಮುಂದೆ ಹಿಡಿಯುವವರಿಲ್ಲದ ಮೂತಿ. ಹಿಂದೊದೆತಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಹೀಗೆ ಅಣಿಯಾಯಿತು.

೫

ಹೊಸ ಅಪಾಯವನ್ನು ಸಮಾಜವು ಹಳೆಯ ಮಾತುಗಳಲ್ಲಿಯೇ ವಿವರಿಸುವುದು ಸಹಜ. ಕಾರ್ಖಾನೆಗಳ ಅಪಘಾತಗಳ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಒಂದು ತತ್ತ್ವ ನೆಲೆಗೊಂಡಿದ್ದಿತು: ಅಪಾಯಕರವಾದ ಭಾಗಕ್ಕೆ ಬೇಲಿ ಹಾಕಬೇಕು. ಬ್ರಿಟನ್ನಿನ ೧೮೪೪ರ ಕಾರ್ಖಾನೆ ಕಾಯಿದೆಯು ಯಂತ್ರಗಳನ್ನು ತಿರುಗಿಸುವ ಚಕ್ರದಂಡಗಳಿಗೆ ಮರೆ ಕಟ್ಟಬೇಕೆಂದು ವಿಧಿಸಿದ್ದಿತು. ಮರ ಕೊಯ್ಯುವ ಗುಂಡುಗರಗಸಗಳಲ್ಲಿಯೂ ಒಂದು ಬಗೆಯ ಹಿಂದೊದೆತವುಂಟು. ಅಲ್ಲಿ ಹಿಂದಕ್ಕೆ ಚಿಮ್ಮುವುದು ಕೊಯ್ಯುತ್ತಿರುವ ಮರದ ತುಂಡು. ಅದನ್ನು ತಡೆಯಲು ಅಲಗಿನ ಹಿಂದೆ ಕೊಯ್ಲಿನ ಸೀಳನ್ನು ಅಗಲಿಸಿ ಹಿಡಿಯುವ ಬೆಣೆಯಂಥ ಉಕ್ಕಿನ ಪಟ್ಟಿಯನ್ನು ಬ್ರಿಟನ್ನಿನ ೧೯೨೨ರ ನಿಯಮಗಳು ಕಡ್ಡಾಯಮಾಡಿದುವು.

ಸರಪಳಿ ಗರಗಸಕ್ಕೆ ಬೇಲಿಯ ತತ್ತ್ವ ಸುಲಭವಾಗಿ ಅನ್ವಯಿಸಲಿಲ್ಲ. ಇಲ್ಲಿ ಕೊಯ್ಯುವ ಭಾಗವು ಬಯಲಾಗಿಯೇ ಇರಬೇಕು. ಕಾರ್ಖಾನೆಯಲ್ಲಿ ಯಂತ್ರ ನಿಂತಿದ್ದು ಮರ ಚಲಿಸಿದರೆ, ಕಾಡಿನಲ್ಲಿ ಮರ ನಿಂತಿದ್ದು ಯಂತ್ರ ಚಲಿಸುತ್ತದೆ. ಇದರ ಜೊತೆಗೆ ಕಾಡು ಗೋಡೆಗಳಿಲ್ಲದ ಕಾರ್ಯಸ್ಥಳ. ಇಂದು ಒಂದೆಡೆ, ನಾಳೆ ಇನ್ನೊಂದೆಡೆ ಕೆಲಸ ನಡೆಯುವ ಆ ಪ್ರದೇಶಕ್ಕೆ ಕಾರ್ಖಾನೆಯ ತನಿಖಾಧಿಕಾರಿಯಂಥವನು ಹೋಗುವುದೇ ಅಪರೂಪ. ಹೀಗಾಗಿ ಉಳಿದ ಪರಿಹಾರ ಉಪದೇಶವೊಂದೇ: ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿ, ಮೂತಿಯನ್ನು ಮರಕ್ಕೆ ತಾಗಿಸಬೇಡ, ಭುಜಕ್ಕಿಂತ ಮೇಲೆ ಎತ್ತಬೇಡ.

ಈ ಉಪದೇಶದಲ್ಲಿ ತಪ್ಪೇನೂ ಇಲ್ಲ. ಇಂದಿಗೂ ಶಿಕ್ಷಣದ ಮೊದಲ ಪಾಠ ಇದೇ. ಆದರೆ ಪರಿಹಾರವೆಲ್ಲವೂ ಕೆಲಸಗಾರನನ್ನು ಕುರಿತ ಉಪದೇಶದ ರೂಪದಲ್ಲಿದ್ದಾಗ ಪ್ರತಿಯೊಂದು ಗಾಯವೂ ಉಪದೇಶವನ್ನು ಮೀರಿದುದರ ಸಾಕ್ಷಿಯಾಗಿ ತೋರುತ್ತದೆ. ‘ಅಜಾಗರೂಕತೆ’ ಎಂಬ ಒಂದು ಪದದಿಂದ ವಿಚಾರಣೆ ಮುಗಿದುಹೋಗುತ್ತದೆ. ಗಾಯಗೊಂಡವನು ಎಷ್ಟು ಹೊತ್ತಿನಿಂದ ದುಡಿಯುತ್ತಿದ್ದನು, ಯಾವ ಬಗೆಯ ಕೂಲಿಗಾಗಿ ಅವಸರಪಡುತ್ತಿದ್ದನು, ಅವನ ಕೈಯಲ್ಲಿದ್ದ ಯಂತ್ರ ಬೇರೆ ರೀತಿಯಲ್ಲಿ ರಚಿತವಾಗಿದ್ದರೆ ಏನಾಗುತ್ತಿದ್ದಿತು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ.

ಕೂಲಿಯ ಪ್ರಶ್ನೆ ಇಲ್ಲಿ ಗೌಣವಲ್ಲ. ಉತ್ತರ ಯೂರೋಪಿನ ಕಾಡುಗಳಲ್ಲಿ ಕಡಿದ ಮರದ ಅಳತೆಗೆ ತಕ್ಕಂತೆ ಕೂಲಿ ಕೊಡುವ ಪದ್ಧತಿ ಬೇರೂರಿದ್ದಿತು. ಹೆಚ್ಚು ಕಡಿದವನಿಗೆ ಹೆಚ್ಚು ಕೂಲಿ ಎಂಬ ನಿಯಮದ ಕೆಳಗೆ ಸರಪಳಿಯನ್ನು ಅರದಿಂದ ಮಸೆಯಲು ನಿಲ್ಲುವುದೂ, ಕಾಲಿಗೆ ಭದ್ರವಾದ ನೆಲೆ ಹುಡುಕುವುದೂ, ದಣಿದಾಗ ಕುಳಿತುಕೊಳ್ಳುವುದೂ ಹಣದ ನಷ್ಟವೇ. ೧೯೭೫ರಲ್ಲಿ ಸ್ವೀಡನ್ನಿನ ಕಾಡುಗೆಲಸಗಾರರು ದೊಡ್ಡ ಮುಷ್ಕರವೊಂದನ್ನು ಹೂಡಿದರು. ಅಳತೆಯ ಕೂಲಿಯನ್ನು ಕೈಬಿಟ್ಟು ನಿಗದಿಯಾದ ಸಂಬಳ ಕೊಡಬೇಕೆಂಬುದು ಅವರ ಮುಖ್ಯ ಬೇಡಿಕೆ. ಸಂಬಳದ ರೀತಿಯೂ ದೇಹದ ಕ್ಷೇಮವೂ ಬೇರೆಬೇರೆ ವಿಷಯಗಳಲ್ಲವೆಂಬ ಅರಿವು ಆ ಬೇಡಿಕೆಯ ಹಿಂದಿದ್ದಿತು.

೬

ಯಂತ್ರದ ರಚನೆಯಲ್ಲಿಯೇ ಪರಿಹಾರವನ್ನು ಹುಡುಕುವ ಕೆಲಸ ೧೯೭೦ರ ದಶಕದ ಆದಿಭಾಗದಲ್ಲಿ ಫಲಕೊಡತೊಡಗಿತು. ಜರ್ಮನಿ ಮತ್ತು ಸ್ವೀಡನ್ ದೇಶಗಳ ತಯಾರಕರು ಆ ವರ್ಷಗಳಲ್ಲಿ ಸರಪಳಿಯನ್ನು ಹಠಾತ್ತಾಗಿ ನಿಲ್ಲಿಸುವ ಬ್ರೇಕನ್ನು ಬಳಕೆಗೆ ತಂದರು. ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿಯ ಸ್ವಯಂಚಾಲಿತ ಬ್ರೇಕು ೧೯೭೩ರದು. ಈ ಬ್ರೇಕಿನ ರಚನೆ ಸರಳವಾದುದು. ಮುಂದಿನ ಹಿಡಿಯ ಎದುರಿಗೆ ಒಂದು ಅಡ್ಡತಡೆಯಿರುತ್ತದೆ. ಗರಗಸವು ಮೇಲಕ್ಕೆ ತಿರುಗಿದಾಗ ಕೆಲಸಗಾರನ ಎಡಗೈಯ ಮಣಿಕಟ್ಟು ಈ ತಡೆಗೆ ತಾಗಿ ಅದು ಮುಂದಕ್ಕೆ ಸರಿಯುತ್ತದೆ. ಒಡನೆಯೇ ಬಿಗಿದಿಟ್ಟಿದ್ದ ಸ್ಪ್ರಿಂಗು ಬಿಡುಗಡೆಯಾಗಿ ಉಕ್ಕಿನ ಪಟ್ಟಿಯೊಂದು ಕ್ಲಚ್ಚಿನ ಸುತ್ತ ಬಿಗಿದುಕೊಳ್ಳುತ್ತದೆ. ಮುಂದೆ ಬಂದ ಮಾದರಿಗಳಲ್ಲಿ ಕೈ ತಾಗಬೇಕಾದ ಅಗತ್ಯವೂ ಇಲ್ಲ. ಯಂತ್ರವು ರಭಸದಿಂದ ತಿರುಗಿದಾಗ ಅಡ್ಡತಡೆಯು ತನ್ನ ಜಡತ್ವದಿಂದಲೇ ಹಿಂದುಳಿದು ಬ್ರೇಕನ್ನು ಬಿಡುಗಡೆ ಮಾಡುತ್ತದೆ. ಮುಂದಿನ ಕಾಲದ ಅಂತಾರಾಷ್ಟ್ರೀಯ ಮಾನಕದಂತೆ ಬ್ರೇಕು ಸರಪಳಿಯನ್ನು ನಿಲ್ಲಿಸಲು ತೆಗೆದುಕೊಳ್ಳುವ ಸರಾಸರಿ ಕಾಲ ೦.೧೨ ಸೆಕೆಂಡನ್ನು ಮೀರಕೂಡದು. ಮನುಷ್ಯನ ಎಚ್ಚರಕ್ಕೆ ನಿಲುಕದ ಕಾಲಾವಧಿಯಲ್ಲಿ ಯಂತ್ರವೇ ಯಂತ್ರವನ್ನು ತಡೆಯುವ ವ್ಯವಸ್ಥೆ ಹೀಗೆ ಸಿದ್ಧವಾಯಿತು.

ಇದರೊಡನೆ ಇತರ ಉಪಾಯಗಳೂ ಬಂದುವು. ಮೂತಿಯ ಬಾಗಿನಲ್ಲಿ ಹಲ್ಲಿನ ಮುಂದೆ ಉಂಟಾಗುವ ತೆರವನ್ನು ತುಂಬುವಂತೆ ಇಳಿಜಾರಾದ ಉಬ್ಬುಗಳನ್ನೂ ಕಾವಲು ಕೊಂಡಿಗಳನ್ನೂ ಸರಪಳಿಗೆ ಅಳವಡಿಸಲಾಯಿತು. ಮೂತಿಯನ್ನು ಕಿರಿದುಮಾಡಿ ಅಪಾಯದ ಕಾಲುವೃತ್ತವನ್ನು ಕುಗ್ಗಿಸಲಾಯಿತು. ಕೆಲವು ಸಣ್ಣ ಗರಗಸಗಳಲ್ಲಿ ಮೂತಿಗೆ ಲೋಹದ ಟೋಪಿಯನ್ನೇ ತೊಡಿಸಿ, ಅದು ಮರಕ್ಕೆ ತಗುಲುವ ಸಂಭವವನ್ನು ತೊಡೆದುಹಾಕಲಾಯಿತು. ಹಿಂದಿನ ಎರಡನೆಯ ಕೆಲಸಗಾರನ ಕೈ ಮಾಡುತ್ತಿದ್ದ ಕೆಲಸದ ಒಂದಂಶವನ್ನು ಈ ಟೋಪಿಯು ಮಾಡುತ್ತಿದ್ದಿತೆಂದು ಹೇಳಬಹುದು.

ಇದೇ ದಶಕದಲ್ಲಿ ಗರಗಸವನ್ನು ಬಳಸುವವರ ಸ್ವರೂಪವೂ ಬದಲಾಯಿತು. ೧೯೭೩ರಲ್ಲಿ ಎಣ್ಣೆಯ ಬೆಲೆ ಏರಿದ ತರುವಾಯ ಅಮೆರಿಕದಲ್ಲಿ ಮನೆಗಳನ್ನು ಬೆಚ್ಚಗಿಡಲು ಸೌದೆಯ ಬಳಕೆ ಹೆಚ್ಚಿತು. ಕಾಡಿನ ಕೆಲಸದ ಅನುಭವವೇ ಇಲ್ಲದ ಗೃಹಸ್ಥರು ಅಂಗಡಿಯಲ್ಲಿ ಗರಗಸವನ್ನು ಕೊಂಡು ಹಿತ್ತಿಲಿನಲ್ಲಿ ಸೌದೆ ಕೊಯ್ಯತೊಡಗಿದರು. ವೃತ್ತಿನಿರತನಾದ ಕೂಲಿಗಾರನು ಗಾಯಗೊಂಡಾಗ ‘ಕಸಬಿನ ಅಪಾಯ’ ಎಂದು ಸುಮ್ಮನಾಗಿದ್ದ ಸಮಾಜಕ್ಕೆ, ಗಿರಾಕಿಯು ಗಾಯಗೊಂಡಾಗ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ೧೯೭೨ರ ಕಾಯಿದೆಯ ಪ್ರಕಾರ ಆ ದೇಶದಲ್ಲಿ ಬಳಕೆದಾರರ ಸರಕುಗಳ ಸುರಕ್ಷತೆಗೆಂದು ಒಂದು ಆಯೋಗ ರಚಿತವಾಗಿದ್ದಿತು. ಹಿಂದೊದೆತವನ್ನು ನಿಯಂತ್ರಿಸುವ ಮಾನಕ ಬೇಕೆಂದು ೧೯೭೦ರ ದಶಕದ ಉತ್ತರಾರ್ಧದಲ್ಲಿ ಈ ಆಯೋಗಕ್ಕೆ ಮನವಿ ಸಂದಿತು.

ಇಲ್ಲಿಂದ ಮುಂದಿನ ಹಂತವೇ ಈ ಚರಿತ್ರೆಯ ನಿರ್ಣಾಯಕ ಘಟ್ಟ. ಹಿಂದೊದೆತವನ್ನು ನಿಯಂತ್ರಿಸಬೇಕಾದರೆ ಮೊದಲು ಅದನ್ನು ಅಳೆಯಬೇಕು. ಇದಕ್ಕಾಗಿ ಪರೀಕ್ಷಾಯಂತ್ರವೊಂದು ನಿರ್ಮಿತವಾಯಿತು. ಗರಗಸವನ್ನು ಮನುಷ್ಯನ ಕೈಗೆ ಬದಲಾಗಿ ಒಂದು ಚೌಕಟ್ಟಿನಲ್ಲಿ ಇರಿಸಿ, ಮರದ ಪುಡಿಯಿಂದ ಅಚ್ಚುಹಾಕಿದ ಹಲಗೆಯ ತುಂಡನ್ನು ಸರಿಯುವ ಗಾಡಿಯ ಮೇಲೆ ಅದರ ಮೂತಿಗೆ ತಾಗಿಸಿ, ಹೊರಹೊಮ್ಮುವ ಶಕ್ತಿಯನ್ನು ಅಳೆಯುವರು. ಆ ಶಕ್ತಿಗೆ ಗರಗಸವು ಕೆಲಸಗಾರನ ಕೈಯಲ್ಲಿ ಎಷ್ಟು ಅಂಶ ತಿರುಗುತ್ತಿದ್ದಿತೆಂಬುದನ್ನು ಗಣಿತದಿಂದ ಎಣಿಸುವರು. ೧೯೮೫ರಲ್ಲಿ ಪ್ರಕಟವಾದ ‘ಬಿ ೧೭೫.೧’ ಎಂಬ ಅಮೆರಿಕದ ಮಾನಕವು ತಯಾರಕರೂ ಒಪ್ಪಿದ ಐಚ್ಛಿಕ ಮಾನಕ. ಹೀಗೆ ಎಣಿಸಿದ ಹಿಂದೊದೆತದ ಕೋನಕ್ಕೆ ೪೫ ಅಂಶಗಳ ಮಿತಿ ಈ ಮಾನಕದ ಪರಂಪರೆಯಲ್ಲಿಯೇ ನೆಲೆಗೊಂಡಿತು.

ಒಂದು ಅಂಕಿ ಏನು ಮಾಡಬಲ್ಲದೆಂಬುದನ್ನು ಇಲ್ಲಿ ಕಾಣುತ್ತೇವೆ. ಅದುವರೆಗೆ ಹಿಂದೊದೆತವೆಂದರೆ ಕೆಲಸಗಾರನು ಮಾಡಿದ ತಪ್ಪು. ಇನ್ನು ಮುಂದೆ ಅದು ಯಂತ್ರಕ್ಕೆ ಸೇರಿದ ಗುಣ. ಇಂಜಿನಿನ ಶಕ್ತಿ, ಯಂತ್ರದ ತೂಕಗಳಂತೆ ಅದನ್ನೂ ಅಳೆಯಬಹುದು, ಹೋಲಿಸಬಹುದು, ತಗ್ಗಿಸಬಹುದು. ತಗ್ಗಿಸಬಹುದಾದುದನ್ನು ತಗ್ಗಿಸದಿದ್ದರೆ ‘ಏಕೆ’ ಎಂದು ತಯಾರಕನನ್ನೂ ಕೇಳಬಹುದು.

ಈ ವಿಜಯಕ್ಕೆ ಒಂದು ಮಿತಿಯೂ ಇದ್ದಿತು. ೪೫ ಅಂಶಗಳ ನಿಯಮವು ೩.೮ ಘನ ಅಂಗುಲ, ಎಂದರೆ ಸುಮಾರು ೬೨ ಘನ ಸೆಂಟಿಮೀಟರಿಗಿಂತ ಸಣ್ಣ ಇಂಜಿನುಗಳ ಗರಗಸಗಳಿಗೆ ಮಾತ್ರ ಅನ್ವಯಿಸುತ್ತಿದ್ದಿತು. ವೃತ್ತಿಪರರು ಹಿಡಿಯುವ ದೊಡ್ಡ ಗರಗಸಗಳು ಅದರ ಹೊರಗೆ ಉಳಿದುವು. ದೊಡ್ಡ ಮರಗಳನ್ನು ಕಡಿಯಲು ಬೇಕಾದ ಕಾರ್ಯಶಕ್ತಿ ಕುಂಠಿತವಾಗಬಾರದೆಂಬ ವಾದಕ್ಕೆ ತಾಂತ್ರಿಕವಾಗಿ ಆಧಾರವಿಲ್ಲದಿಲ್ಲ. ಆದರೂ ದಿನವೆಲ್ಲ ಗರಗಸ ಹಿಡಿಯುವವನಿಗಿಂತ ವರ್ಷಕ್ಕೆ ನಾಲ್ಕು ದಿನ ಹಿಡಿಯುವವನಿಗೆ ಹೆಚ್ಚು ರಕ್ಷಣೆ ಮೊದಲು ದೊರೆಯಿತೆಂಬುದನ್ನು ಚರಿತ್ರಕಾರನು ಗುರುತಿಸದಿರಲಾಗದು. ವೃತ್ತಿಪರರ ಸರದಿ ಒಂದು ದಶಕ ತಡವಾಗಿ ಬಂದಿತು. ಮರ ಕಡಿಯುವ ಉದ್ಯಮಕ್ಕೆ ಸಂಬಂಧಿಸಿ ೧೯೯೪ರಲ್ಲಿ ಪರಿಷ್ಕೃತವಾಗಿ ೧೯೯೫ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮಗಳು, ಅಂದಿನಿಂದ ಹೊಸದಾಗಿ ಬಳಕೆಗೆ ಬರುವ ಸರಪಳಿ ಗರಗಸಗಳಿಗೆ ಬ್ರೇಕನ್ನು ಕಡ್ಡಾಯಮಾಡಿದುವು. ಯೂರೋಪಿನಲ್ಲಿ ೧೯೮೯ರ ಯಂತ್ರ ನಿರ್ದೇಶವು ಸರಪಳಿ ಗರಗಸವನ್ನು ವಿಶೇಷ ಪರೀಕ್ಷೆಗೆ ಒಳಪಡಬೇಕಾದ ಅಪಾಯಕರ ಯಂತ್ರಗಳ ಪಟ್ಟಿಯಲ್ಲಿ ಸೇರಿಸಿದ್ದಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸರಪಳಿ ಗರಗಸದ ಸುರಕ್ಷಿತ ರಚನೆ ಮತ್ತು ಬಳಕೆಯನ್ನು ಕುರಿತು ೧೯೭೮ರಲ್ಲಿಯೇ ಒಂದು ಆಚಾರಸಂಹಿತೆಯನ್ನು ಪ್ರಕಟಿಸಿದ್ದಿತು. ‘ರಚನೆ’ ಎಂಬ ಪದವನ್ನು ‘ಬಳಕೆ’ ಎಂಬ ಪದಕ್ಕಿಂತ ಮೊದಲು ಇರಿಸಿದ ಆ ಶೀರ್ಷಿಕೆಯಲ್ಲಿಯೇ ಮೂವತ್ತು ವರ್ಷಗಳ ವಾದದ ತೀರ್ಪು ಅಡಗಿದೆ.

೭

ಹಾಗೆಂದ ಮಾತ್ರಕ್ಕೆ ಕೆಲಸಗಾರನ ಶಿಕ್ಷಣ ಅನವಶ್ಯಕವಾಯಿತೆಂದು ತಿಳಿಯಬಾರದು. ಬ್ರೇಕು ಹಿಂದೊದೆತವನ್ನು ತಡೆಯುವುದಿಲ್ಲ. ಪಟ್ಟಿಯು ಮೈಗೆ ತಾಗುವಷ್ಟರಲ್ಲಿ ಸರಪಳಿ ನಿಲ್ಲುವಂತೆ ಮಾಡಲು ಯತ್ನಿಸುತ್ತದೆ. ಹೊಟ್ಟು ತುಂಬಿದ, ಸವೆದ, ಇಲ್ಲವೆ ಬೇಕೆಂದೇ ಕಳಚಿಟ್ಟ ಬ್ರೇಕಿನಿಂದ ಪ್ರಯೋಜನವಿಲ್ಲ. ಹೆಚ್ಚು ಬೇಗ ಕೊಯ್ಯಲೆಂದು ಹಲ್ಲಿನ ಮುಂದಣ ಉಬ್ಬನ್ನು ಅತಿಯಾಗಿ ಅರದಿಂದ ತಗ್ಗಿಸಿದರೆ, ಕಾರ್ಖಾನೆಯಲ್ಲಿ ಅಳವಡಿಸಿದ ರಕ್ಷಣೆಯನ್ನು ಕೈಯಾರೆ ತೆಗೆದುಹಾಕಿದಂತೆ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯನ್ನು ಕೆಳಗಿನಿಂದ ಸುತ್ತಿರಬೇಕು; ದೇಹವು ಕೊಯ್ಲಿನ ರೇಖೆಯಿಂದ ಎಡಕ್ಕೆ ಸರಿದಿರಬೇಕು; ಎರಡು ಕಾಲುಗಳೂ ನೆಲವನ್ನು ಕಚ್ಚಿ ನಿಂತಿರಬೇಕು. ಈ ನಿಯಮಗಳೆಲ್ಲ ಅನುಭವದಿಂದ ಬಂದುವು. ಅವುಗಳ ಹಿಂದೆ ಅನೇಕರು ತೆತ್ತ ಬೆಲೆಯಿದೆ. ಯಂತ್ರದ ರಚನೆ, ಕೆಲಸಗಾರನ ಶಿಕ್ಷಣ, ಕೂಲಿಯ ಪದ್ಧತಿ ಎಂಬ ಮೂರೂ ಒಂದಕ್ಕೊಂದು ಪೂರಕ. ಯಾವುದೊಂದೂ ಉಳಿದೆರಡರ ಸ್ಥಾನವನ್ನು ತುಂಬಲಾರದು.

ಈ ಮಾತು ನಮ್ಮ ನಾಡಿಗೂ ಅನ್ವಯಿಸುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ನೆರಳು ಮರಗಳ ಕೊಂಬೆಗಳನ್ನು ಸವರುವ ‘ಮರಗಸಿ’ ಎಂಬ ಕೆಲಸವುಂಟು. ಬಹುಕಾಲ ಕತ್ತಿ, ಕೊಡಲಿಗಳಿಂದ ನಡೆಯುತ್ತಿದ್ದ ಮರಗೆಲಸಕ್ಕೆ ಮಲೆನಾಡಿನಲ್ಲಿ ಈಗ ಸರಪಳಿ ಗ��ಗಸವೂ ಬಂದಿದೆ. ಮರದ ಮೇಲೆ ನಿಂತು, ಒಂದು ಕೈಯಲ್ಲಿ ಕೊಂಬೆಯನ್ನು ಹಿಡಿದು, ಇನ್ನೊಂದು ಕೈಯಲ್ಲಿ ಗರಗಸವನ್ನು ಭುಜದ ಮಟ್ಟಕ್ಕೆ ಎತ್ತುವುದೆಂದರೆ, ಮೇಲೆ ಹೇಳಿದ ನಿಯಮಗಳನ್ನೆಲ್ಲ ಒಮ್ಮೆಗೇ ಮುರಿದಂತೆ; ಅಲ್ಲಿ ಹಿಂದೊದೆತಕ್ಕೆ ಸಿಕ್ಕಿದವನಿಗೆ ಸರಪಳಿಯ ಗಾಯದ ಜೊತೆಗೆ ಬೀಳುವ ಭಯವೂ ಕಾದಿರುತ್ತದೆ. ಕರ್ನಾಟಕದ ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಮರದ ರಕ್ಷಣೆಗೆ ಅಂಥ ನಿಯಮ ಅತ್ಯವಶ್ಯಕ. ಅದನ್ನು ಕಡಿಯಲು ಏರುವವನ ಕೈಯಲ್ಲಿ ಯಾವ ಯಂತ್ರವಿದೆ, ಅದರ ಬ್ರೇಕು ಸರಿಯಿದೆಯೆ, ಅದನ್ನು ಹಿಡಿಯಲು ಅವನಿಗೆ ಯಾರಾದರೂ ಕಲಿಸಿದ್ದಾರೆಯೆ ಎಂಬ ಪ್ರಶ್ನೆಗಳೂ ಅಷ್ಟೇ ಅವಶ್ಯಕವಾದುವು.

ಸರಪಳಿ ಗರಗಸದ ಚರಿತ್ರೆಯಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶವಿಷ್ಟು. ಇಬ್ಬರ ಕೆಲಸವನ್ನು ಒಬ್ಬನಿಗೆ ವಹಿಸಿದಾಗ ಆ ಎರಡನೆಯವನು ಮಾಡುತ್ತಿದ್ದ ಕೆಲಸಗಳೆಷ್ಟು ಎಂಬುದನ್ನು ಯಾರೂ ಎಣಿಸಿ ನೋಡಲಿಲ್ಲ. ಅವನು ಭಾರವನ್ನು ಹೊರುತ್ತಿದ್ದನೆಂಬುದು ಎಲ್ಲರ ಕಣ್ಣಿಗೂ ಕಂಡಿತು. ಮೂತಿಯನ್ನು ಹಿಡಿದಿದ್ದನೆಂಬುದು ಯಾರ ಗಮನಕ್ಕೂ ಬರಲಿಲ್ಲ. ಕಾಣದೆ ಹೋದ ಆ ಕೈಯ ಕೆಲಸವನ್ನು ಬ್ರೇಕು, ಕಾವಲು ಕೊಂಡಿ, ಮಾನಕ, ಕಾಯಿದೆ ಎಂದು ಬಿಡಿಬಿಡಿಯಾಗಿ ಮತ್ತೆ ಕಟ್ಟಿಕೊಳ್ಳಲು ಲೋಕಕ್ಕೆ ಸುಮಾರು ನಾಲ್ಕು ದಶಕಗಳು ಬೇಕಾದುವು. ಆ ನಡುವೆ ಗಾಯಗೊಂಡವರನ್ನು ‘ಅಜಾಗರೂಕರು’ ಎಂದು ಕರೆದು ಮುಗಿಸಿದ ಲೆಕ್ಕವನ್ನು ಮತ್ತೆ ತೆರೆದು ನೋಡುವುದು ಚರಿತ್ರೆಯ ಅಧ್ಯಯನಕ್ಕೆ ಸೇರಿದ ಕೆಲಸವೇ ಆಗಿದೆ.